ವಾರಕ್ಕೆ ಎಷ್ಟು ಸೆಟ್, ಯಾವ ವ್ಯಾಯಾಮ? ಶಿಫ್ಟ್ ದುಡಿಮೆಯ ವಡಾಲದಲ್ಲಿ ಬಾಡಿಬಿಲ್ಡಿಂಗ್ ಲೆಕ್ಕಾಚಾರ

ಮುಂಬೈ: ವಡಾಲ ರೋಡ್ ನಿಲ್ದಾಣದಲ್ಲಿ ಹಾರ್ಬರ್ ಲೈನ್ ಎರಡು ಕವಲಾಗುತ್ತದೆ. ಒಂದು ಬಾಂದ್ರಾ, ಅಂಧೇರಿ ಕಡೆಗೆ, ಇನ್ನೊಂದು ಕುರ್ಲಾ ಮೂಲಕ ವಾಶಿ, ಪನ್ವೇಲ್ ಕಡೆಗೆ. ನಸುಕಿನ ಲೋಕಲ್ ಹಿಡಿದು ಕೆಲಸಕ್ಕೆ ಹೊರಡುವವರೂ ಇಲ್ಲಿದ್ದಾರೆ, ನಡುರಾತ್ರಿಯ ಲೋಕಲ್‌ನಲ್ಲಿ ಮನೆಗೆ ಮರಳುವವರೂ ಇದ್ದಾರೆ. ಬಂದರಿನ ಕೆಲಸ, ಬೆಸ್ಟ್ ಬಸ್ ಡಿಪೊ, ಟ್ರಕ್ ಟರ್ಮಿನಲ್, ಪಕ್ಕದ ಮಾಟುಂಗಾ-ದಾದರ್ ಭಾಗದ ಉಡುಪಿ ಹೋಟೆಲ್‌ಗಳು ಹೀಗೆ ಈ ಭಾಗದ ಅನೇಕರ ದುಡಿಮೆ ಶಿಫ್ಟ್ ಲೆಕ್ಕದಲ್ಲಿ ನಡೆಯುತ್ತದೆ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವ ವಡಾಲದಲ್ಲಿ ಕನ್ನಡ, ತುಳು, ಕೊಂಕಣಿ ಮಾತನಾಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ.

ಇಂಥ ಮನೆಗಳ ಹುಡುಗನೊಬ್ಬ ಜಿಮ್‌ಗೆ ಸೇರಿದ ಎಂದುಕೊಳ್ಳಿ. ಡ್ಯೂಟಿ ಮುಗಿಸಿ ಬಂದು, ಮೊಬೈಲ್‌ನಲ್ಲಿ ಯಾವುದೋ ಚಾಂಪಿಯನ್‌ನ ವಿಡಿಯೊ ನೋಡಿ, ಸೋಮವಾರ ಒಂದೇ ದಿನ ಎದೆಗೆ 20-25 ಸೆಟ್ ಹೊಡೆಯುತ್ತಾನೆ. ಬುಧವಾರದವರೆಗೂ ಕೈ ಎತ್ತಲಾಗದು. ಎರಡು ತಿಂಗಳು ಕಳೆದರೂ ಬಾರ್‌ಗೆ ಹಾಕುವ ತೂಕ ಏರದು, ಬದಲಿಗೆ ಭುಜದಲ್ಲಿ ಚುಳುಕು ಶುರುವಾಗುತ್ತದೆ. ಆಗ ಯಾರೋ ಪೌಡರ್ ಹೇಳುತ್ತಾರೆ, ಮತ್ಯಾರೋ ಇಂಜೆಕ್ಷನ್ ಹೇಳುತ್ತಾರೆ. ಹುಡುಗನ ಶ್ರದ್ಧೆಯಲ್ಲಿ ಕೊರತೆ ಇರುವುದಿಲ್ಲ. ಬೇರೆಯವರ ನಿದ್ದೆ, ಬೇರೆಯವರ ಊಟ, ಬೇರೆಯವರ ಬಿಡುವಿಗೆ ಬರೆದ ಪಟ್ಟಿಯನ್ನು ಅವನು ತನ್ನ ಮೈಮೇಲೆ ಹೇರಿಕೊಂಡಿರುತ್ತಾನೆ.

ಬಾಡಿಬಿಲ್ಡಿಂಗ್‌ನಲ್ಲಿ ಏರಿಸಿ ಇಳಿಸಬೇಕಾದ ಮುಖ್ಯ ಸಂಗತಿಗಳು ಎರಡು. ಒಂದು, ಪ್ರತಿ ಸ್ನಾಯುವಿಗೆ ವಾರಕ್ಕೆ ಎಷ್ಟು ಕಷ್ಟದ ಸೆಟ್ ಎಂಬುದು. ಇದನ್ನೇ ಟ್ರೈನರ್‌ಗಳು ವಾಲ್ಯೂಮ್ ಎನ್ನುತ್ತಾರೆ. ಇನ್ನೊಂದು, ಆ ಸೆಟ್‌ಗಳನ್ನು ಯಾವ ವ್ಯಾಯಾಮದಲ್ಲಿ ಮಾಡಬೇಕು ಎಂಬುದು.

ಹಳೆಯ ಜಗಳ: ಒಂದೇ ಸೆಟ್ಟೋ, ಇಪ್ಪತ್ತೋ?

ಈ ಪ್ರಶ್ನೆ ಹೊಸದಲ್ಲ. 1970ರ ದಶಕದಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತು ಅವರ ಜೊತೆಗಾರರು ದಿನಕ್ಕೆ ಎರಡು ಬಾರಿ ಜಿಮ್‌ಗೆ ಹೋಗಿ, ಒಂದೊಂದು ಸ್ನಾಯುವಿಗೆ ಹತ್ತಾರು ಸೆಟ್ ಮಾಡುವ ಪದ್ಧತಿಗೆ ಹೆಸರಾದರು. ಅದೇ ಕಾಲದ ಮೈಕ್ ಮೆಂಟ್ಜರ್ ಇದಕ್ಕೆ ತದ್ವಿರುದ್ಧ. ಒಂದೆರಡು ಸೆಟ್ ಸಾಕು, ಆದರೆ ಇನ್ನೊಂದು ರೆಪ್ ಕೂಡ ಏಳಲಾರದಷ್ಟು ಗಟ್ಟಿಯಾಗಿ ಮಾಡಬೇಕು ಎಂಬುದು ಅವರ ವಾದ. 1980ರಲ್ಲಿ ಸಿಡ್ನಿಯಲ್ಲಿ ನಡೆದ ಮಿಸ್ಟರ್ ಒಲಿಂಪಿಯಾದಲ್ಲಿ ಇಬ್ಬರೂ ಎದುರಾದರು, ಪ್ರಶಸ್ತಿ ಅರ್ನಾಲ್ಡ್ ಪಾಲಾಯಿತು. ಮುಂದೆ 1992ರಿಂದ 1997ರವರೆಗೆ ಸತತ 6 ಬಾರಿ ಗೆದ್ದ ಡೋರಿಯನ್ ಯೇಟ್ಸ್ ಮೆಂಟ್ಜರ್ ದಾರಿಗೆ ಹತ್ತಿರದ, ಕಡಿಮೆ ಸೆಟ್‌ಗಳ ಪದ್ಧತಿಯಲ್ಲೇ ಬೆಳೆದವರು. ಅಂದರೆ ಚಾಂಪಿಯನ್‌ಗಳನ್ನು ನೋಡಿ ಉತ್ತರ ಸಿಗುವುದಿಲ್ಲ. ಎರಡೂ ಕಡೆ ಚಾಂಪಿಯನ್‌ಗಳಿದ್ದಾರೆ. ಅವರ ವಂಶವಾಹಿ, ಬಿಡುವು, ಔಷಧಿಗಳ ವಿಷಯ ಬೇರೆಯೇ ಇದೆ.

ಕನ್ನಡಿಗರಿಗೆ ಇನ್ನೂ ಹಳೆಯ, ಹತ್ತಿರದ ಉದಾಹರಣೆಯೊಂದಿದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕ ಕೆ.ವಿ. ಅಯ್ಯರ್ (1897-1980) ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು, ಅಂಚೆ ಮೂಲಕವೂ ಶಿಷ್ಯರಿಗೆ ಪಾಠ ಕಳಿಸುತ್ತಿದ್ದರು. ಬಾರ್‌ಬೆಲ್ ಎತ್ತುವುದರ ಜೊತೆ ಸೂರ್ಯನಮಸ್ಕಾರ, ಆಸನಗಳನ್ನೂ ಸೇರಿಸಿದ್ದು ಅವರ ವಿಶೇಷ. ವ್ಯಾಯಾಮದ ಆಯ್ಕೆ ಎಂಬುದು ಸಲಕರಣೆಗಳ ಪಟ್ಟಿಯಷ್ಟೇ ಅಲ್ಲ ಎಂಬ ಅರಿವು ಅಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಇತ್ತು.

ಅಧ್ಯಯನಗಳು ಹೇಳುವುದೇನು?

2017ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ವಾರಕ್ಕೆ ಒಂದು ಸ್ನಾಯುವಿಗೆ 5ಕ್ಕಿಂತ ಕಡಿಮೆ ಸೆಟ್ ಮಾಡಿದವರಿಗಿಂತ 5ರಿಂದ 9 ಸೆಟ್ ಮಾಡಿದವರಲ್ಲಿ, ಅವರಿಗಿಂತ 10 ಅಥವಾ ಹೆಚ್ಚು ಸೆಟ್ ಮಾಡಿದವರಲ್ಲಿ ಸ್ನಾಯು ಹೆಚ್ಚು ಬೆಳೆದಿತ್ತು. ಆದರೆ 5ಕ್ಕಿಂತ ಕಡಿಮೆ ಮಾಡಿದವರಲ್ಲೂ ಬೆಳವಣಿಗೆ ಇತ್ತು ಎಂಬುದನ್ನು ಮರೆಯಬಾರದು.

ಎರಡು ವರ್ಷಗಳ ನಂತರ ಅದೇ ತಂಡ ಜಿಮ್ ಅನುಭವವಿದ್ದ 34 ಗಂಡಸರನ್ನು 8 ವಾರ ಅಭ್ಯಾಸ ಮಾಡಿಸಿತು. ಒಂದು ಗುಂಪಿಗೆ ಪ್ರತಿ ವ್ಯಾಯಾಮದಲ್ಲಿ 1 ಸೆಟ್, ಇನ್ನೊಂದಕ್ಕೆ 3, ಮತ್ತೊಂದಕ್ಕೆ 5. ಸ್ನಾಯುವಿನ ಗಾತ್ರ ಹೆಚ್ಚು ಸೆಟ್ ಮಾಡಿದವರಲ್ಲಿ ಹೆಚ್ಚಾಯಿತು. ಶಕ್ತಿ ಮಾತ್ರ ಮೂರೂ ಗುಂಪಿನಲ್ಲಿ ಹೆಚ್ಚು-ಕಡಿಮೆ ಒಂದೇ ಪ್ರಮಾಣದಲ್ಲಿ ಏರಿತು. 1 ಸೆಟ್‌ನವರ ವರ್ಕೌಟ್ ಸುಮಾರು 13 ನಿಮಿಷದಲ್ಲಿ ಮುಗಿಯುತ್ತಿತ್ತು. ಸಮಯವೇ ಇಲ್ಲ ಎಂದು ಜಿಮ್ ಬಿಡುವವರು ಈ 13 ನಿಮಿಷವನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಸೆಟ್ ಏರಿಸುತ್ತಲೇ ಹೋಗಬಹುದೇ? 2017ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ 'ಜರ್ಮನ್ ವಾಲ್ಯೂಮ್ ಟ್ರೈನಿಂಗ್' ಎಂದು ಜಿಮ್‌ಗಳಲ್ಲಿ ಪ್ರಸಿದ್ಧವಾದ 10 ಸೆಟ್, 10 ರೆಪ್ ಪದ್ಧತಿಯನ್ನು ಪರೀಕ್ಷಿಸಿತು. 19 ಯುವಕರು, 6 ವಾರ. ಒಂದೇ ವ್ಯಾಯಾಮವನ್ನು 10 ಸೆಟ್ ಮಾಡಿದವರು 5 ಸೆಟ್ ಮಾಡಿದವರನ್ನು ಮೀರಿಸಲಿಲ್ಲ. ಬೆಂಚ್ ಪ್ರೆಸ್‌ನ ಶಕ್ತಿಯಲ್ಲಂತೂ 5 ಸೆಟ್‌ನವರೇ ಮುಂದಿದ್ದರು. ಒಂದೇ ದಿನ ಒಂದೇ ಸ್ನಾಯುವಿಗೆ ಸುರಿಯುವ ಸೆಟ್‌ಗಳಲ್ಲಿ ಕೊನೆಯವು ಬರೀ ದಣಿವಾಗಿ ಉಳಿಯುತ್ತವೆ. ಮುಂಬೈ ಜಿಮ್‌ಗಳ 'ಸೋಮವಾರ ಎಂದರೆ ಚೆಸ್ಟ್' ಎಂಬ ಪದ್ಧತಿಯ ದೌರ್ಬಲ್ಯ ಇರುವುದು ಇಲ್ಲೇ. ಸೋಮವಾರದ 16 ಸೆಟ್ ಅನ್ನು ಸೋಮವಾರ 8, ಗುರುವಾರ 8 ಎಂದು ಒಡೆದರೆ ಕೊನೆಯ ಸೆಟ್‌ಗಳಿಗೂ ಕಸುವು ಇರುತ್ತದೆ. ಬೆಂಚ್ ಮುಂದಿನ ಸಾಲೂ ಗುರುವಾರ ಚಿಕ್ಕದಿರುತ್ತದೆ.

ಈ ಅಧ್ಯಯನಗಳಲ್ಲಿ ಭಾಗವಹಿಸಿದವರು ಬಹುಪಾಲು ಯುವಕರು, ವಿದ್ಯಾರ್ಥಿಗಳು. ದಿನಕ್ಕೆ 10 ಗಂಟೆ ನಿಂತೇ ಕೆಲಸ ಮಾಡುವ ಹೋಟೆಲ್ ಕಾರ್ಮಿಕರಲ್ಲ. ಆದ್ದರಿಂದ 10-20 ಸೆಟ್ ಎಂಬ ಸಂಖ್ಯೆಯನ್ನು ಮೇಲಿನ ಗಡಿಯ ಸುಳಿವೆಂದು ಇಟ್ಟುಕೊಂಡು, ಕೆಳಗಿನಿಂದ ಏರುವುದು ಜಾಣತನ.

ಯಾವುದು ಲೆಕ್ಕಕ್ಕೆ ಬರುವ ಸೆಟ್?

ವಾರ್ಮ್ ಅಪ್ ಸೆಟ್ ಲೆಕ್ಕಕ್ಕಿಲ್ಲ. ಸೆಟ್ ಮುಗಿಸಿದಾಗ ಸರಿಯಾದ ಭಂಗಿಯಲ್ಲಿ ಇನ್ನು 1ರಿಂದ 3 ರೆಪ್ ಮಾತ್ರ ಮಾಡಬಹುದಿತ್ತು ಎನ್ನಿಸಿದರೆ ಅದು ಎಣಿಸಬೇಕಾದ ಸೆಟ್. 12 ಎಂದು ಮೊದಲೇ ನಿಶ್ಚಯಿಸಿ, ಇನ್ನೂ 8 ರೆಪ್ ಮಾಡುವ ಶಕ್ತಿ ಇದ್ದಾಗಲೇ ಬಾರ್ ಇಳಿಸಿದರೆ ಅದನ್ನು ಅರ್ಧ ವಾರ್ಮ್ ಅಪ್ ಎನ್ನಬೇಕು. ವಾರಕ್ಕೆ 20 ಸೆಟ್ ಮಾಡುತ್ತೇನೆ ಎನ್ನುವ ಹಲವರ ನಿಜವಾದ ಲೆಕ್ಕ ಹೀಗೆ ಅಳೆದರೆ 7-8ಕ್ಕೆ ಇಳಿಯುತ್ತದೆ.

ರೆಪ್‌ಗಳ ಸಂಖ್ಯೆಯಲ್ಲಿ ಸಾಕಷ್ಟು ಸ್ವಾತಂತ್ರ್ಯವಿದೆ. 2016ರ ಒಂದು ಅಧ್ಯಯನದಲ್ಲಿ ಅನುಭವಿಗಳಾದ 49 ಗಂಡಸರು 12 ವಾರ ಅಭ್ಯಾಸ ಮಾಡಿದರು. ಹಗುರ ತೂಕದಲ್ಲಿ 20-25 ರೆಪ್ ಮಾಡಿದವರೂ, ಭಾರದಲ್ಲಿ 8-12 ರೆಪ್ ಮಾಡಿದವರೂ ಸಮಾನವಾಗಿ ಬೆಳೆದರು. ಷರತ್ತು ಒಂದೇ, ಸೆಟ್ ಕೊನೆಯವರೆಗೆ ಹೋಗಿರಬೇಕು. ಭಾರದ ಡಂಬ್‌ಬೆಲ್ ಇಲ್ಲದ ಚಾಳಿನ ವ್ಯಾಯಾಮಶಾಲೆಗೂ ಇದು ಸಮಾಧಾನದ ಸುದ್ದಿ.

ಸೆಟ್‌ಗಳ ನಡುವಿನ ವಿಶ್ರಾಂತಿಯೂ ಮುಖ್ಯ. 21 ಗಂಡಸರ ಮೇಲೆ 8 ವಾರ ನಡೆದ ಅಧ್ಯಯನದಲ್ಲಿ 1 ನಿಮಿಷಕ್ಕಿಂತ 3 ನಿಮಿಷ ವಿರಮಿಸಿದವರೇ ಹೆಚ್ಚು ಫಲ ಕಂಡರು. ಅಷ್ಟು ಸಮಯವಿಲ್ಲದವರು ಎದುರು-ಬದುರು ಸ್ನಾಯುಗಳನ್ನು ಜೋಡಿ ಮಾಡಬಹುದು. ಒಂದು ಸೆಟ್ ಎದೆಗೆ, ಒಂದು ನಿಮಿಷ ಬಿಟ್ಟು ಒಂದು ಸೆಟ್ ಬೆನ್ನಿಗೆ. ಬೆನ್ನು ದುಡಿಯುವಾಗ ಎದೆ ವಿರಮಿಸುತ್ತದೆ.

ಒಂದು ವಾರದ ಲೆಕ್ಕ

ಉಡುಪಿ ಹೋಟೆಲ್‌ನ ಕೆಲಸಗಾರನೊಬ್ಬನನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ಕಾಫಿ-ತಿಂಡಿ ಶುರುವಾಗುವ ನಡುವೆ ಅವನಿಗೆ ಎರಡು ಗಂಟೆ ಬಿಡುವು. ವಾರದಲ್ಲಿ ಮೂರು ದಿನ, ತಲಾ ಒಂದು ಗಂಟೆ ಜಿಮ್‌ಗೆ ಕೊಡಬಲ್ಲ. ಆರು ದಿನಗಳ 'ಬ್ರೋ ಸ್ಪ್ಲಿಟ್' ಇವನಿಗೆ ಹೇಳಿದ್ದಲ್ಲ. ಒಂದು ದಿನ ತಪ್ಪಿದರೆ ಒಂದು ಸ್ನಾಯು ಇಡೀ ವಾರ ಖಾಲಿ ಉಳಿಯುತ್ತದೆ. ಮೂರು ದಿನವೂ ಇಡೀ ದೇಹಕ್ಕೆ ವ್ಯಾಯಾಮ ಮಾಡಿದರೆ ಒಂದು ದಿನ ತಪ್ಪಿದರೂ ಮೂರರಲ್ಲಿ ಎರಡು ಭಾಗ ಕೈಯಲ್ಲಿರುತ್ತದೆ.

ಮೊದಲ ದಿನ ಸ್ಕ್ವಾಟ್ 3 ಸೆಟ್, ಬೆಂಚ್ ಪ್ರೆಸ್ 3, ಲ್ಯಾಟ್ ಪುಲ್‌ಡೌನ್ 3, ಕೂತು ಮಾಡುವ ಲೆಗ್ ಕರ್ಲ್ 3. ಎರಡನೇ ದಿನ ಲೆಗ್ ಪ್ರೆಸ್, ಇನ್‌ಕ್ಲೈನ್ ಡಂಬ್‌ಬೆಲ್ ಪ್ರೆಸ್, ಎದೆಗೆ ಆಸರೆ ಇರುವ ರೋ, ರೊಮೇನಿಯನ್ ಡೆಡ್‌ಲಿಫ್ಟ್. ಮೂರನೇ ದಿನ ಒಂದೊಂದು ಕಾಲಿನ ಸ್ಪ್ಲಿಟ್ ಸ್ಕ್ವಾಟ್, ಪುಷ್ ಅಪ್ ಅಥವಾ ದಂಡ, ಮತ್ತೆ ಪುಲ್‌ಡೌನ್, ಮತ್ತೆ ಲೆಗ್ ಕರ್ಲ್. ಎಲ್ಲವೂ ಮೂರು ಮೂರು ಸೆಟ್. ಇದರ ಮೇಲೆ ಪ್ರತಿದಿನ ಭುಜದ ಲ್ಯಾಟರಲ್ ರೈಸ್ 2, ಬೈಸೆಪ್ಸ್ 2, ಟ್ರೈಸೆಪ್ಸ್ 2.

ಕೂಡಿಸಿದರೆ ದಿನಕ್ಕೆ 18, ವಾರಕ್ಕೆ 54 ಸೆಟ್. ಎದೆ, ಬೆನ್ನು, ತೊಡೆಯ ಮುಂಭಾಗ, ತೊಡೆಯ ಹಿಂಭಾಗ ಪ್ರತಿಯೊಂದಕ್ಕೂ 9. ಟ್ರೈಸೆಪ್ಸ್‌ಗೆ ನೇರವಾಗಿ ಸಿಗುವುದು 6 ಸೆಟ್. ಆದರೆ ಎದೆಯ 9 ಸೆಟ್‌ಗಳಲ್ಲೂ ಅದು ದುಡಿದಿದೆ. ಅದನ್ನು ಅರ್ಧದ ಲೆಕ್ಕದಲ್ಲಿ ಹಿಡಿದರೆ ನಾಲ್ಕೂವರೆ, ಒಟ್ಟು ಹತ್ತೂವರೆ. ಬೆನ್ನಿನ ವ್ಯಾಯಾಮಗಳಿಂದ ಬೈಸೆಪ್ಸ್‌ಗೂ ಇಷ್ಟೇ. ತೋಳು ಬೆಳೆಯಲಿಲ್ಲ ಎಂದು ಪ್ರತ್ಯೇಕ 'ಆರ್ಮ್ಸ್ ಡೇ' ಸೇರಿಸುವ ಮೊದಲು ಈ ಕೂಡುಲೆಕ್ಕ ಮಾಡಿ ನೋಡಬೇಕು. ಮೊಣಕೈ ನೋವು ಹಲವರಿಗೆ ಶುರುವಾಗುವುದು ಹೀಗೆ ಕಣ್ಣಿಗೆ ಕಾಣದ ಸೆಟ್‌ಗಳಿಂದ.

ಹೊಸದಾಗಿ ಸೇರಿದವರಿಗೆ 54 ಕೂಡ ಹೆಚ್ಚು. ಮೊದಲ ಒಂದೂವರೆ-ಎರಡು ತಿಂಗಳು ಪ್ರತಿ ವ್ಯಾಯಾಮಕ್ಕೆ 2 ಸೆಟ್‌ನಂತೆ, ಅಂದರೆ ಪ್ರತಿ ದೊಡ್ಡ ಸ್ನಾಯುವಿಗೆ ವಾರಕ್ಕೆ 6 ಸೆಟ್ ಸಾಕು. ಅಷ್ಟರಲ್ಲೇ ಅವರ ತೂಕ ವಾರವಾರಕ್ಕೂ ಏರುತ್ತದೆ. ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಅವರಿಗೆ ಬೇರೆ 'ಟೋನಿಂಗ್' ವ್ಯಾಯಾಮ ಎಂಬುದೇನೂ ಇಲ್ಲ.

ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು?

ಇದಕ್ಕೆ ಬೇಕಾಗಿರುವುದು ಒಂದು ಹಳೆಯ ನೋಟ್‌ಬುಕ್. ದಿನಾಂಕ, ವ್ಯಾಯಾಮ, ತೂಕ, ರೆಪ್, ಹಿಂದಿನ ರಾತ್ರಿಯ ನಿದ್ದೆ ಇಷ್ಟನ್ನು ಬರೆದಿಟ್ಟರೆ ಉಳಿದದ್ದನ್ನು ಪುಸ್ತಕವೇ ಹೇಳುತ್ತದೆ.

ತೂಕ ಅಥವಾ ರೆಪ್ ನಿಧಾನವಾಗಿಯಾದರೂ ಏರುತ್ತಿದ್ದರೆ ಏನನ್ನೂ ಮುಟ್ಟಬಾರದು. ಮೂರು-ನಾಲ್ಕು ವಾರ ನಿಂತಲ್ಲೇ ನಿಂತಿದೆ, ಆದರೆ ನಿದ್ದೆ-ಊಟ ಸರಿಯಾಗಿದೆ, ಕೀಲುಗಳಲ್ಲಿ ನೋವಿಲ್ಲ, ಜಿಮ್‌ಗೆ ಹೋಗುವಾಗ ಮೈ ಹಗುರವಾಗಿದೆ ಎಂದಾದರೆ ಆ ಸ್ನಾಯುವಿಗೆ ಮಾತ್ರ ವಾರಕ್ಕೆ 2 ಸೆಟ್ ಸೇರಿಸಬಹುದು. ಎಲ್ಲ ಸ್ನಾಯುಗಳಿಗೂ ಒಮ್ಮೆಲೇ ಏರಿಸಿದರೆ ಯಾವುದು ಫಲ ಕೊಟ್ಟಿತು, ಯಾವುದು ಹಾಳುಮಾಡಿತು ಎಂದು ತಿಳಿಯುವುದೇ ಇಲ್ಲ.

ಒಂದೇ ವ್ಯಾಯಾಮದಲ್ಲಿ ಸತತ ಎರಡು ಬಾರಿ ರೆಪ್ ಕುಸಿದರೆ, ನಿದ್ದೆ ಕೆಟ್ಟರೆ, ಎದ್ದ ಕೂಡಲೇ ಎಣಿಸುವ ನಾಡಿಬಡಿತ ಕೆಲವು ದಿನ ಎಂದಿಗಿಂತ ಹೆಚ್ಚಿದ್ದರೆ, ಸ್ನಾಯುವಿನ ಬದಲು ಕೀಲು ನೋಯತೊಡಗಿದರೆ ಇಳಿಸುವ ಸಮಯ ಬಂದಿದೆ ಎಂದರ್ಥ. ಹಲವು ಕೋಚ್‌ಗಳು 4ರಿಂದ 8 ವಾರಗಳಿಗೊಮ್ಮೆ ಒಂದು ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸುತ್ತಾರೆ. ಬಾರ್‌ನ ತೂಕವನ್ನು ಹೆಚ್ಚು ಇಳಿಸುವುದಿಲ್ಲ.

ರಾತ್ರಿ ಪಾಳಿಯವರಿಗೆ ಒಂದು ಅಂಕಿ ಮುಖ್ಯ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ಯುವಕ-ಯುವತಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿ ಇಡಲಾಯಿತು. ಮರುದಿನ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕ್ರಿಯೆ ಶೇ. 18ರಷ್ಟು ಕುಗ್ಗಿತ್ತು. ಅದು ಪೂರ್ತಿ ನಿದ್ದೆಗೆಟ್ಟ ಒಂದು ರಾತ್ರಿಯ ಲೆಕ್ಕ, ಹಗಲು ಮಲಗುವ ಪಾಳಿಯವರಿಗೆ ಅದೇ ಅಂಕಿ ಅನ್ವಯಿಸದು. ಆದರೂ ಪಾಳಿ ಬದಲಾದ ವಾರ ಸೆಟ್ ಏರಿಸಬಾರದು ಎನ್ನಲು ಅಷ್ಟು ಸಾಕು. ಪಾಳಿ ಬದಲಾದ ಮೊದಲ ಮೂರು-ನಾಲ್ಕು ದಿನ ಪ್ರತಿ ವ್ಯಾಯಾಮದಿಂದ ಒಂದು ಸೆಟ್ ಕಡಿಮೆ ಮಾಡಿದರೆ ನಷ್ಟವಿಲ್ಲ.

ಊಟದ ವಿಷಯದಲ್ಲೂ ಹೀಗೆಯೇ. 2018ರ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ದಾಟಿದ ಮೇಲೆ ಹೆಚ್ಚುವರಿ ಲಾಭ ಕಾಣುವುದು ಕಷ್ಟ. 65 ಕೆಜಿಯವನಿಗೆ ಅದು 104 ಗ್ರಾಂ. ಇಡ್ಲಿ-ಸಾಂಬಾರ್, ಅನ್ನ-ಸಾರಿನಲ್ಲಿ ಅಷ್ಟು ಬರುವುದಿಲ್ಲ. ಮೊಟ್ಟೆ, ಬಂಗುಡೆ, ಕೋಳಿ, ಹಾಲು-ಮೊಸರು, ಕಡಲೆ, ಸೋಯಾ ಯಾವುದಾದರೂ ಸೇರಬೇಕು. ಶ್ರಾವಣದಲ್ಲಿ ಮೀನು-ಮಾಂಸ ಬಿಡುವವರು, ಉಪವಾಸ ಹಿಡಿಯುವವರು ಆ ದಿನಗಳಲ್ಲಿ ಸೆಟ್ ಏರಿಸುವ ಯೋಚನೆ ಬಿಡುವುದು ಲೇಸು.

ವ್ಯಾಯಾಮದ ಆಯ್ಕೆ: ಕೀಲು ಒಪ್ಪಬೇಕು, ಸ್ನಾಯು ಹಿಗ್ಗಬೇಕು

ಒಂದು ಸ್ನಾಯುವಿಗೆ ಒಂದೇ ವ್ಯಾಯಾಮ ಸಾಕೇ? 2019ರಲ್ಲಿ ಜಪಾನಿನ ಸಂಶೋಧಕರು 17 ಗಂಡಸರಿಗೆ 10 ವಾರ ಸ್ಕ್ವಾಟ್ ಮಾಡಿಸಿದರು. ತೊಡೆಯ ಮುಂಭಾಗದ ಮೂರು ಭಾಗಗಳು ಬೆಳೆದವು. ಅಲ್ಲೇ ನಡುವೆ ಇರುವ ರೆಕ್ಟಸ್ ಫೆಮೋರಿಸ್ ಬೆಳೆಯಲಿಲ್ಲ, ತೊಡೆಯ ಹಿಂಭಾಗವೂ ಬೆಳೆಯಲಿಲ್ಲ. 'ಸ್ಕ್ವಾಟ್ ಇದ್ದರೆ ಕಾಲಿಗೆ ಬೇರೇನೂ ಬೇಡ' ಎಂಬ ಜಿಮ್ ಮಾತು ಇಲ್ಲಿಗೆ ಮುಗಿಯಿತು. ಲೆಗ್ ಎಕ್ಸ್‌ಟೆನ್ಷನ್, ಲೆಗ್ ಕರ್ಲ್‌ಗಳಿಗೆ ಅವುಗಳದೇ ಕೆಲಸವಿದೆ.

ಯಾವ ಲೆಗ್ ಕರ್ಲ್ ಎಂಬುದಕ್ಕೂ ಉತ್ತರವಿದೆ. 2021ರ ಅಧ್ಯಯನದಲ್ಲಿ 20 ಮಂದಿ 12 ವಾರ ಒಂದು ಕಾಲಿಗೆ ಕೂತು, ಇನ್ನೊಂದಕ್ಕೆ ಬೋರಲು ಮಲಗಿ ಲೆಗ್ ಕರ್ಲ್ ಮಾಡಿದರು. ಕೂತು ಮಾಡಿದ ಕಾಲಿನ ಹಿಂದೊಡೆ ಶೇ. 14ರಷ್ಟು, ಮಲಗಿ ಮಾಡಿದ ಕಾಲಿನದು ಶೇ. 9ರಷ್ಟು ಬೆಳೆಯಿತು. ಕೂತಾಗ ಆ ಸ್ನಾಯು ಹೆಚ್ಚು ಹಿಗ್ಗಿದ ಸ್ಥಿತಿಯಲ್ಲಿ ದುಡಿಯುತ್ತದೆ. ಟ್ರೈಸೆಪ್ಸ್‌ನಲ್ಲೂ ಕೈಯನ್ನು ತಲೆಯ ಮೇಲೆ ಎತ್ತಿ ಮಾಡಿದ ಎಕ್ಸ್‌ಟೆನ್ಷನ್‌ಗೆ ಇಂಥದೇ ಮೇಲುಗೈ ಸಿಕ್ಕಿದೆ. ಸೆಟ್ ಒಂದೂ ಏರಿಸದೆ, ವ್ಯಾಯಾಮ ಬದಲಿಸಿ ಪಡೆಯಬಹುದಾದ ಲಾಭ ಇದು. ದಣಿದ ಮೈಗೆ ಇದಕ್ಕಿಂತ ಅಗ್ಗದ ಲಾಭ ಸಿಗದು.

ಆದರೆ ಸ್ನಾಯುವಿಗೆ ಒಳ್ಳೆಯದಾದದ್ದು ಕೀಲಿಗೆ ಒಪ್ಪದಿದ್ದರೆ ಪ್ರಯೋಜನವಿಲ್ಲ. ಕತ್ತಿನ ಹಿಂದೆ ಬಾರ್ ಇಳಿಸುವ ಶೋಲ್ಡರ್ ಪ್ರೆಸ್ ಕೆಲವರಿಗೆ ಸರಾಗ, ಹಲವರ ಭುಜ ಅದನ್ನು ತಾಳುವುದಿಲ್ಲ. ಅಂಥವರು ಅಂಗೈ ಎದುರುಬದುರಾಗಿರುವಂತೆ ಡಂಬ್‌ಬೆಲ್ ಹಿಡಿದು ಮುಂದಿನಿಂದ ಒತ್ತಿದರೆ ಅದೇ ಸ್ನಾಯು ನೋವಿಲ್ಲದೆ ದುಡಿಯುತ್ತದೆ. ಬೆಂಚ್ ಪ್ರೆಸ್‌ನಲ್ಲಿ ಭುಜ ಚುಚ್ಚುವವರು ಹಿಡಿತ ಸ್ವಲ್ಪ ಕಿರಿದು ಮಾಡಿ ನೋಡಬಹುದು, ಇಲ್ಲವೇ ಡಂಬ್‌ಬೆಲ್‌ಗೆ ಬದಲಾಗಬಹುದು.

ಕೆಲಸದ ಸ್ವರೂಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೋಡೌನಿನಲ್ಲಿ ಮೂಟೆ ಎತ್ತುವವನ, ಹಿಟ್ಟಿನ ಪಾತ್ರೆ ಹೊರುವವನ ಸೊಂಟ ಜಿಮ್‌ಗೆ ಬರುವ ಮೊದಲೇ ದುಡಿದಿರುತ್ತದೆ. ಅವನಿಗೆ ಬಾಗಿ ಮಾಡುವ ಬಾರ್‌ಬೆಲ್ ರೋ, ಭಾರದ ಡೆಡ್‌ಲಿಫ್ಟ್ ಎರಡನ್ನೂ ಒಂದೇ ದಿನ ಕೊಡುವುದು ಸರಿಯಲ್ಲ. ಬೆಂಚಿಗೆ ಎದೆ ಆನಿಸಿ ಮಾಡುವ ರೋ, ಲೆಗ್ ಪ್ರೆಸ್ ಅವನಿಗೆ ಹೇಳಿ ಮಾಡಿಸಿದಂತಿವೆ. ಇಡೀ ದಿನ ಬಿಲ್ಲಿಂಗ್ ಕೌಂಟರ್‌ನಲ್ಲೋ ಕಂಪ್ಯೂಟರ್ ಮುಂದೋ ಕೂರುವವನಿಗೆ ಇದೇ ಡೆಡ್‌ಲಿಫ್ಟ್ ಒಳ್ಳೆಯದು.

ವ್ಯಾಯಾಮಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? 'ಮಸಲ್ ಕನ್‌ಫ್ಯೂಷನ್' ಹೆಸರಲ್ಲಿ ದಿನಕ್ಕೊಂದು ಹೊಸ ವ್ಯಾಯಾಮ ಮಾಡಿಸುವ ಟ್ರೈನರ್‌ಗಳಿದ್ದಾರೆ. ಸ್ನಾಯು ಗೊಂದಲಕ್ಕೊಳಗಾಗುವುದಿಲ್ಲ, ಗೊಂದಲವಾಗುವುದು ನೋಟ್‌ಬುಕ್‌ಗೆ. 2019ರ ಒಂದು ಅಧ್ಯಯನದಲ್ಲಿ ಒಂದು ಗುಂಪಿಗೆ ಪ್ರತಿ ಸಲವೂ ಆ್ಯಪ್ ಮೂಲಕ ಬೇರೆ ಬೇರೆ ವ್ಯಾಯಾಮ, ಇನ್ನೊಂದಕ್ಕೆ 8 ವಾರವೂ ಅದೇ ವ್ಯಾಯಾಮ ಕೊಡಲಾಯಿತು. ಸ್ನಾಯು ಎರಡರಲ್ಲೂ ಹೆಚ್ಚು-ಕಡಿಮೆ ಸಮನಾಗಿ ಬೆಳೆಯಿತು. ಬದಲಾವಣೆ ಸಿಕ್ಕವರ ಉತ್ಸಾಹ ಮಾತ್ರ ಹೆಚ್ಚಿತ್ತು. ಉತ್ಸಾಹ ಸಣ್ಣ ಸಂಗತಿಯಲ್ಲ ಎಂಬುದು ನಿಜ. ಸ್ಕ್ವಾಟ್, ಪ್ರೆಸ್, ರೋ ಮೊದಲಾದ ಮುಖ್ಯ ವ್ಯಾಯಾಮಗಳನ್ನು ಎರಡು-ಮೂರು ತಿಂಗಳು ಹಾಗೇ ಉಳಿಸಿ, ತೋಳು-ಭುಜದ ಸಣ್ಣ ವ್ಯಾಯಾಮಗಳನ್ನು ಬೇಸರ ಬಂದಾಗ ಬದಲಿಸುವುದು ನಡುದಾರಿ. ಸಂಜೆ 7ಕ್ಕೆ ಕೇಬಲ್ ಮಷಿನ್ ಮುಂದೆ ಐದು ಜನ ನಿಂತಿರುವಾಗ ಡಂಬ್‌ಬೆಲ್ ಎತ್ತಿಕೊಳ್ಳುವುದೂ ಒಳ್ಳೆಯ ಆಯ್ಕೆಯೇ.

ಮಳೆಗಾಲದಲ್ಲಿ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್ ತಗ್ಗುಗಳಲ್ಲಿ ನೀರು ನಿಂತು ಹಾರ್ಬರ್ ಲೈನ್ ಸ್ತಬ್ಧವಾದ ದಿನ ಜಿಮ್ ತಪ್ಪುತ್ತದೆ. ಅಂದು ಕೋಣೆಯಲ್ಲೇ ದಂಡ, ಒಂದು ಕಾಲಿನ ಸ್ಕ್ವಾಟ್, ಪುಸ್ತಕ ತುಂಬಿದ ಬ್ಯಾಗ್ ಹಿಡಿದು ರೋ ಮಾಡಿದರೆ ಆ ದಿನದ ಸೆಟ್ ಉಳಿಯುತ್ತದೆ. ನಮ್ಮ ಗರಡಿಮನೆಗಳ ಬೈಠಕ್ ಕೂಡ ಕಷ್ಟದ ಸೆಟ್ಟೇ, ಆದರೆ 30ರ ಆಸುಪಾಸಿನಲ್ಲಿ ತೊಡೆ ಉರಿದು ನಿಲ್ಲುವಂತಿದ್ದರೆ ಮಾತ್ರ. 200 ಬೈಠಕ್ ಸಲೀಸಾಗಿ ಹೊಡೆಯುವವನಿಗೆ ಅದರಿಂದ ದಮ್ಮು ಬೆಳೆಯುತ್ತದೆ, ತೊಡೆ ಅಷ್ಟಾಗಿ ಬೆಳೆಯದು.

ದಣಿವನ್ನು ಮುಚ್ಚಿಡುವ ಇಂಜೆಕ್ಷನ್

ಈ ಇಡೀ ಲೆಕ್ಕ ನಿಂತಿರುವುದು ದೇಹ ಕೊಡುವ ಸುಳಿವುಗಳ ಮೇಲೆ. ಆ ಸುಳಿವನ್ನೇ ಮುಚ್ಚುವ ವಸ್ತುಗಳು ಜಿಮ್ ಸುತ್ತಮುತ್ತ ಮಾರಾಟವಾಗುತ್ತವೆ. ಮೆಫೆಂಟರ್ಮಿನ್ ಎಂಬುದು ರಕ್ತದೊತ್ತಡ ಕುಸಿದಾಗ, ಮುಖ್ಯವಾಗಿ ಅರಿವಳಿಕೆಯ ಸಂದರ್ಭದಲ್ಲಿ, ಆಸ್ಪತ್ರೆಯಲ್ಲಿ ವೈದ್ಯರು ಕೊಡುವ ಚುಚ್ಚುಮದ್ದು. ಅದನ್ನು ವರ್ಕೌಟ್‌ಗೆ ಮುನ್ನ ಚುಚ್ಚಿಕೊಳ್ಳುವ ಚಟ ದೇಶದ ಹಲವು ನಗರಗಳಿಗೆ ಹಬ್ಬಿದೆ. ದಣಿವು ಗೊತ್ತಾಗುವುದಿಲ್ಲ, 30 ಸೆಟ್ ಸಲೀಸೆನಿಸುತ್ತದೆ. ಸ್ನಾಯು, ಕೀಲು, ಹೃದಯಕ್ಕೆ ಬೀಳುವ ಹೊರೆ ಮಾತ್ರ ಕಡಿಮೆಯಾಗಿರುವುದಿಲ್ಲ. ರಕ್ತದೊತ್ತಡ ಏರುತ್ತದೆ, ಎದೆಬಡಿತ ತಪ್ಪಬಹುದು, ಬಿಟ್ಟರೆ ಖಿನ್ನತೆ ಕಾಡಬಹುದು. ಸ್ಟಿರಾಯ್ಡ್‌ಗಳದು ಇನ್ನೊಂದು ಕಥೆ. ಅವು ಚೇತರಿಕೆಯ ವೇಗವನ್ನೇ ಕೃತಕವಾಗಿ ಬದಲಿಸುತ್ತವೆ, ಜೊತೆಗೆ ದೇಹದ ಸ್ವಂತ ಹಾರ್ಮೋನ್ ಉತ್ಪಾದನೆಯನ್ನು ನಿಲ್ಲಿಸಿ, ಹೃದಯದ ಸ್ನಾಯುವನ್ನು ದಪ್ಪಗಾಗಿಸಬಲ್ಲವು. ಅವನ್ನು ತೆಗೆದುಕೊಂಡವನ ಸೆಟ್ ಪಟ್ಟಿ ತೆಗೆದುಕೊಳ್ಳದವನಿಗೆ ಯಾವ ಉಪಯೋಗಕ್ಕೂ ಬಾರದು.

ಔಷಧಿ ಇಲ್ಲದೆಯೂ ಒಂದು ಅಪಾಯವಿದೆ. ತಿಂಗಳುಗಟ್ಟಲೆ ಬಿಟ್ಟು ಬಂದವರು, ಹೊಸಬರು ಮೊದಲ ದಿನವೇ ಅತಿಯಾಗಿ ಮಾಡಿದರೆ ಸ್ನಾಯು ಒಡೆದು ಅದರ ಅಂಶಗಳು ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು. ವೈದ್ಯರು ಇದನ್ನು ರ್‍ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ತೋಳು ಅಥವಾ ತೊಡೆ ಬಾತು, ತಡೆಯಲಾಗದ ನೋವಿದ್ದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯಬಾರದು. ವಡಾಲದವರಿಗೆ ಸಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ ಎರಡೂ ದೂರವಲ್ಲ. ಮುಂಬೈನ ಮೇ ತಿಂಗಳ ಸೆಕೆಯಲ್ಲಿ, ಫ್ಯಾನ್ ಒಂದೇ ಇರುವ ಜಿಮ್‌ಗಳಲ್ಲಿ ನೀರು ಕಡಿಮೆ ಕುಡಿದರೆ ಅಪಾಯ ಇನ್ನೂ ಹೆಚ್ಚು.

ಹಬ್ಬ, ಊರು, ರಜೆ

ಗಣೇಶೋತ್ಸವ ಬಂದರೆ ವಡಾಲ-ಕಿಂಗ್ಸ್ ಸರ್ಕಲ್ ಭಾಗದಲ್ಲಿ ಹೋಟೆಲ್‌ನವರಿಗೆ, ಸ್ವಯಂಸೇವಕರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ದಿನಗಳಲ್ಲಿ ಜಿಮ್ ಬಿಟ್ಟರೆ ಮಾಡಿದ್ದೆಲ್ಲ ಕರಗುತ್ತದೆ ಎಂಬ ಭಯ ಬೇಡ. 2011ರಲ್ಲಿ ಅಮೆರಿಕದ ಸಂಶೋಧಕರು 70 ಮಂದಿಗೆ 16 ವಾರ, ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿಸಿದರು. ನಂತರದ 32 ವಾರ ಕೆಲವರಿಗೆ ಮೂರರಲ್ಲಿ ಒಂದು ಭಾಗ, ಕೆಲವರಿಗೆ ಒಂಬತ್ತರಲ್ಲಿ ಒಂದು ಭಾಗ ಮಾತ್ರ ಕೊಟ್ಟರು. 20-35 ವಯಸ್ಸಿನವರಲ್ಲಿ ಒಂಬತ್ತರಲ್ಲಿ ಒಂದು ಭಾಗವೇ ಸ್ನಾಯುವಿನ ಗಾತ್ರ ಉಳಿಸಲು ಸಾಕಾಯಿತು. 60-75 ವಯಸ್ಸಿನವರಲ್ಲಿ ಶಕ್ತಿ ಬಹುಮಟ್ಟಿಗೆ ಉಳಿದರೂ ಗಾತ್ರ ಉಳಿಯಲಿಲ್ಲ. ಅಂದರೆ ಫೈವ್ ಗಾರ್ಡನ್ಸ್‌ನಲ್ಲಿ ಬೆಳಗ್ಗೆ ಅಡ್ಡಾಡುವ ನಿವೃತ್ತರು ತೂಕ ಎತ್ತುವ ಅಭ್ಯಾಸ ಇಟ್ಟುಕೊಂಡಿದ್ದರೆ ಅವರು ಹೆಚ್ಚು ಬಿಡುವಂತಿಲ್ಲ, ಮೊಮ್ಮಗ ಬಿಡಬಹುದು.

ಮೇಲಿನ 54 ಸೆಟ್‌ನ ಉದಾಹರಣೆಯಲ್ಲಿ ಮೂರರಲ್ಲಿ ಒಂದು ಭಾಗ ಎಂದರೆ 18, ಅಂದರೆ ವಾರಕ್ಕೆ ಒಂದೇ ದಿನ. ಹಬ್ಬದ ಹತ್ತು ದಿನಗಳಲ್ಲಿ ಒಂದು ಅಥವಾ ಎರಡು ಬಾರಿ, ಅದೇ ತೂಕದಲ್ಲಿ, ಕಷ್ಟದ ಸೆಟ್‌ಗಳನ್ನು ಮಾಡಿ ಬಂದರೆ ಸಾಕು. ಮೇ ತಿಂಗಳಲ್ಲಿ ಕೊಂಕಣ ರೈಲು ಹತ್ತಿ ಕುಂದಾಪುರ, ಉಡುಪಿ, ಮಂಗಳೂರು ಕಡೆಗೆ ಹದಿನೈದು-ಇಪ್ಪತ್ತು ದಿನ ಹೋಗುವವರೂ ಚಿಂತಿಸಬೇಕಿಲ್ಲ. 2024ರಲ್ಲಿ ಫಿನ್ಲೆಂಡಿನ ಸಂಶೋಧಕರು 10 ವಾರ ಅಭ್ಯಾಸ, 10 ವಾರ ಪೂರ್ತಿ ವಿರಾಮ, ಮತ್ತೆ 10 ವಾರ ಅಭ್ಯಾಸ ಮಾಡಿದವರನ್ನು 20 ವಾರ ಸತತ ಮಾಡಿದವರೊಂದಿಗೆ ಹೋಲಿಸಿದರು. ಕೊನೆಗೆ ಇಬ್ಬರ ಶಕ್ತಿ, ಗಾತ್ರದ ಗಳಿಕೆ ಹೆಚ್ಚು-ಕಡಿಮೆ ಒಂದೇ ಆಗಿತ್ತು.

ಊರಿನಿಂದ ಮರಳಿದ ಮೊದಲ ವಾರ ಮಾತ್ರ ಜಾಗ್ರತೆ ಬೇಕು. ಬಿಟ್ಟುಹೋದ ತೂಕವನ್ನೇ ಮೊದಲ ದಿನ ಬಾರ್‌ಗೆ ಏರಿಸುವ ಆಸೆ ಎಲ್ಲರಿಗೂ ಇರುತ್ತದೆ. ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್, ಹಳೆಯ ತೂಕದಲ್ಲಿ ಐದನೇ ಒಂದು ಭಾಗ ಇಳಿಸಿ ಶುರು ಮಾಡಬೇಕು. ಎರಡನೇ ವಾರ 2 ಸೆಟ್. ಮೂರನೇ ವಾರದ ಹೊತ್ತಿಗೆ ನೋಟ್‌ಬುಕ್‌ನ ಹಳೆಯ ಪುಟಕ್ಕೆ ತಲುಪಬಹುದು.